ಮೊದಲು ಬಿಚ್ಚಿ ನೋಡಿ

ಹಳೆ ಕಾರಿನ ಸೀಟಿಗೆ ಮನೆಯಲ್ಲೇ ಚರ್ಮ ಹೊದಿಸಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೆಳೆಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಆದರೆ ಲಕ್ಷಣ ಗೊತ್ತು. ಮನೆಯ ಮುಂದೆ ಹದಿನೈದು ವರ್ಷ ದಾಟಿದ ಕಾರೊಂದು ನಿಂತಿದೆ. ಆರ್‌ಟಿಒ ಕಚೇರಿಗೆ ಅಲೆದು, ಹಸಿರು ತೆರಿಗೆ ಕಟ್ಟಿ, ನೋಂದಣಿಯನ್ನು ಇನ್ನೈದು ವರ್ಷ ಮುಂದಕ್ಕೆ ಹಾಕಿಸಿಕೊಂಡಿದ್ದೀರಿ. ಎಂಜಿನ್ ಸರಿಯಿದೆ, ಬಣ್ಣ ಹೊಡೆಸಿದ್ದೂ ಆಯಿತು. ಬಾಗಿಲು ತೆಗೆದರೆ ಮಾತ್ರ ಡ್ರೈವರ್ ಸೀಟಿನ ಅಂಚು ಹರಿದು ಹಳದಿ ಸ್ಪಂಜು ಹಲ್ಲು ಕಿರಿಯುತ್ತದೆ. "ಈ ಬೇಸಿಗೇಲಿ ನಾನೇ ಲೆದರ್ ಹಾಕ್ತೀನಿ ನೋಡ್ತಿರಿ" ಎಂದು ಮನೆಯವರ ಮುಂದೆ ಹೇಳಿಯೂ ಬಿಟ್ಟಿದ್ದೀರಿ.

ನನ್ನ 1988ರ ಅಂಬಾಸಿಡರಿನ ಮುಂದಿನ ಸೀಟನ್ನು ನಾನು ಮನೆಯ ಜಗಲಿಯಲ್ಲಿ ಹನ್ನೊಂದು ಭಾನುವಾರ ಕೂತು ಹೊಸದು ಮಾಡಿದ ಮೇಲೆ, ನಿಮ್ಮಂಥವರು ಆಗಾಗ ನಮ್ಮ ಗೇಟಿನ ಹತ್ತಿರ ನಿಲ್ಲುತ್ತಾರೆ. ಎಲ್ಲರ ಮೊದಲ ಪ್ರಶ್ನೆಯೂ ಒಂದೇ: "ಲೆದರ್ ಎಲ್ಲಿ ತಂದ್ರಿ ಸಾರ್?" ನಾನೂ ಮೊದಲು ಕೇಳಿದ್ದು ಅದನ್ನೇ. ಆ ಪ್ರಶ್ನೆಯಿಂದ ಶುರು ಮಾಡಿದ್ದಕ್ಕೆ ನನಗೆ ಇಡೀ ಒಂದು ತೊಗಲು ದಂಡವಾಯಿತು. ನಿಮಗೆ ಹಾಗಾಗದಿರಲಿ ಎಂದು ಈ ಪತ್ರ.

ನಮ್ಮ ಕಾರು ಅಪ್ಪ ಕೊಂಡದ್ದು. ಮುಂದಿನ ಸೀಟು ಸೋಫಾದ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದಕ್ಕಿದೆ. ಗೇರು ಸ್ಟಿಯರಿಂಗ್ ಬುಡದಲ್ಲಿರುವುದರಿಂದ ಮುಂದೆ ಮೂವರು ಕೂರಬಹುದು. ಮದುವೆಗೆ ಹೋಗುವಾಗ ನಾಲ್ವರೂ ಕೂತದ್ದುಂಟು. ಅಪ್ಪ ಹೋದ ಮೇಲೆ ಕಾರು ನನ್ನ ಪಾಲಿಗೆ ಬಂತು. ಸೀಟಿನ ಹೊದಿಕೆ ಬಿಚ್ಚುತ್ತಾ ಹೋದೆ. ಮೇಲೆ ಅಮ್ಮ ಹೊಲಿಸಿದ ಟವೆಲ್ ಬಟ್ಟೆಯ ಕವರು. ಅದರ ಕೆಳಗೆ ತಂಗಿಯ ಮದುವೆಗೆಂದು ಹಾಕಿಸಿದ ಕೆಂಪು ರೆಕ್ಸಿನ್. ಅದರ ಕೆಳಗೆ ಕಾರಿನ ಜೊತೆ ಬಂದ ಮೂಲ ಹೊದಿಕೆ, ಅಂಚಿನಲ್ಲೆಲ್ಲ ಬಿರಿದು ಹಪ್ಪಳವಾಗಿತ್ತು. ಅದನ್ನೂ ತೆಗೆದರೆ ಗೋಣಿತಟ್ಟು, ತೆಂಗಿನ ನಾರಿನ ಹಾಸು, ಎಲ್ಲಕ್ಕಿಂತ ಕೆಳಗೆ ಸುರುಳಿ ಸ್ಪ್ರಿಂಗುಗಳ ಸಾಲು. ಡ್ರೈವರ್ ಕೂರುವ ಕಡೆ ಐದು ಸ್ಪ್ರಿಂಗು ಮುರಿದಿದ್ದವು. ಅವು ಕೂತಿದ್ದ ತಗಡಿನ ಪಟ್ಟಿ ತುಕ್ಕು ಹಿಡಿದು ಬಾಗಿಲಿನ ಕಡೆಗೆ ವಾಲಿತ್ತು.

ಅಪ್ಪನಿಗೆ ಕೊನೆಯ ಹತ್ತು ವರ್ಷ ಬಲ ಸೊಂಟದಲ್ಲಿ ನೋವು. ಡಾಕ್ಟರು, ಎಕ್ಸ್‌ರೇ, ಸೊಂಟದ ಬೆಲ್ಟು, ಆಯುರ್ವೇದದ ಎಣ್ಣೆ, ಎಲ್ಲವೂ ಆಯಿತು. ನೋವಿಗೆ ಸೀಟೊಂದೇ ಕಾರಣ ಎಂದು ನಾನು ಹೇಳಲಾರೆ, ವಯಸ್ಸೂ ಇತ್ತು. ಆದರೆ ಆ ವಾಲಿದ ಪಟ್ಟಿಯ ಮೇಲೆ ಅವರು ದಿನಾ ಕೂತು ಓಡಾಡಿದರು. ಅದು ನಮಗ್ಯಾರಿಗೂ ಕಾಣಲಿಲ್ಲ. ಪ್ರತಿ ಸಲ ಸೀಟು ಕುಸಿದಂತೆ ಅನ್ನಿಸಿದಾಗಲೂ ನಾವು ಮಾಡಿದ್ದು ಒಂದೇ: ಮೇಲೊಂದು ಹೊಸ ಕವರು.

ಹಾಗಾಗಿ ನಿಮ್ಮಲ್ಲಿ ನನ್ನ ಮೊದಲ ಮತ್ತು ದೊಡ್ಡ ವಿನಂತಿ ಇಷ್ಟೆ. ಹೊದಿಕೆಯ ಮೇಲೆ ಹೊದಿಕೆ ಹಾಕಬೇಡಿ. ಚರ್ಮದ ಮಾತು ಆಮೇಲೆ, ಮೊದಲು ಸೀಟನ್ನು ಕಾರಿನಿಂದ ಇಳಿಸಿ ಎಲುಬಿನವರೆಗೆ ಬಿಚ್ಚಿ ನೋಡಿ. ನಮ್ಮ ಜನಕ್ಕೆ ಮುಚ್ಚುವುದರಲ್ಲಿ ಇರುವ ಉತ್ಸಾಹ ಬಿಚ್ಚುವುದರಲ್ಲಿ ಇಲ್ಲ. ಹೊಸ ಕಾರು ತಂದವರು ಷೋರೂಮಿನ ಪ್ಲಾಸ್ಟಿಕ್ಕನ್ನು ವರ್ಷಗಟ್ಟಲೆ ತೆಗೆಯದೆ ಬೆವರುತ್ತಾ ಕೂರುವುದನ್ನು ನೀವೂ ಕಂಡಿರುತ್ತೀರಿ.

ಈಗ ನನ್ನ ದಡ್ಡತನದ ಕಥೆ. ಸ್ಪ್ರಿಂಗು ಪಟ್ಟಿಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಸರಿ ಮಾಡಿಸಿದೆನಾದರೂ, ಉಳಿದದ್ದೆಲ್ಲ ನನಗೇ ಬರುತ್ತದೆ ಎಂಬ ಧಿಮಾಕು ಹೋಗಿರಲಿಲ್ಲ. ಬೆಂಗಳೂರಿಗೆ ಹೋಗಿ ಒಂದು ಇಡೀ ಎಮ್ಮೆ ತೊಗಲು ತಂದೆ, 27 ಚದರ ಅಡಿ. ಸೀಟಿನ ಮೇಲೆ ಟೇಪು ಹಿಡಿದು ಉದ್ದಗಲ ಅಳೆದು, ದಿಂಬಿನ ಚೀಲಕ್ಕೆ ಬಟ್ಟೆ ಕತ್ತರಿಸುವ ಹಾಗೆ ಕತ್ತರಿಸಿದೆ. ಮನೆಯ ಹೊಲಿಗೆ ಯಂತ್ರಕ್ಕೆ ಕೊಟ್ಟೆ. ಮೊದಲ ಸೂಜಿ ನಾಲ್ಕನೇ ಹೊಲಿಗೆಗೆ ಮುರಿಯಿತು. ಎರಡನೆಯದು ಒಂದು ಹೊಲಿಗೆ ಹಾಕಿ ಎರಡು ಹಾರಿಸಿತು. ದಾರ ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಕೊನೆಗೆ ತೊಗಲಿನ ಅಂಚು ಅಂಚೆಚೀಟಿಯ ಅಂಚಿನ ಹಾಗಾಗಿ, ಎಳೆದ ಕೂಡಲೇ ಉದ್ದಕ್ಕೂ ಹರಿಯಿತು. ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ಹೊಲಿಗೆ ಯಂತ್ರವನ್ನು ತನ್ನ ಅಕ್ಕನ ಮನೆಗೆ ಸಾಗಿಸಿದಳು.

ಆಗ ಹೋದದ್ದು ನಮ್ಮ ಬಡಾವಣೆಯ ಕುಷನ್ ಅಂಗಡಿಗೆ. ಅಲ್ಲಿನ ಹಿರಿಯರನ್ನು ಎಲ್ಲರೂ ಭಾಯ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಬಟ್ಟೆಗೆ ತೂತು ಬಿದ್ರೆ ಮುಚ್ಕೊಳ್ಳುತ್ತೆ ಸಾರ್, ಚಮ್ಡಾಗೆ ಮುಚ್ಚಲ್ಲ. ಒಂದೇ ಸಲ" ಎಂದರು. ಆಮೇಲೆ ಕೇಳಿದ್ದು, "ಹಳೇ ಕವರ್ ಎಲ್ಲಿ?"

ಹಳೇ ಕವರನ್ನು ನಾನು ಕಸದ ಗಾಡಿಗೆ ಹಾಕಿರಲಿಲ್ಲ, ಪುಣ್ಯ. ಕಾರು ತೊಳೆಯಲಿಕ್ಕಾಗುತ್ತದೆ ಎಂದು ಶೆಡ್ಡಿನಲ್ಲಿ ಎಸೆದಿದ್ದೆ. ಇದು ನನ್ನ ಎರಡನೇ ವಿನಂತಿ: ಎಷ್ಟೇ ಕೊಳಕಾಗಿರಲಿ, ಹಳೆ ಹೊದಿಕೆಯನ್ನು ಬಿಸಾಡಬೇಡಿ. ನಿಮ್ಮ ಸೀಟಿಗೆ ಇರುವ ಒಂದೇ ಒಂದು ನಕ್ಷೆ ಅದು. ಸೀಟು ನೋಡಲು ಚೌಕವಾಗಿ ಕಂಡರೂ ಅದರಲ್ಲಿ ಒಂದು ಗೆರೆಯೂ ನೇರವಿಲ್ಲ. ಅಂಚಿನ ಪಟ್ಟಿ ಮೂಲೆಯಲ್ಲಿ ಒಳಕ್ಕೆ ಬಾಗುತ್ತದೆ, ಒರಗು ನಡುವಿನಲ್ಲಿ ಕಾಲಿಂಚು ಹೊಟ್ಟೆ ಬಿಡುತ್ತದೆ. ಟೇಪಿಗೆ ಇದು ಸಿಗುವುದಿಲ್ಲ.

ಭಾಯ್ ಹೇಳಿಕೊಟ್ಟ ಕ್ರಮ ಹೀಗೆ. ಹೊದಿಕೆಯನ್ನು ಚೌಕಟ್ಟಿಗೆ ಕಚ್ಚಿಸಿದ ತಂತಿ ಉಂಗುರಗಳನ್ನು ಇಕ್ಕಳದಲ್ಲಿ ತಿರುಚಿ ತೆಗೆಯಬೇಕು, ಬಟ್ಟೆ ಹಿಡಿದು ಎಳೆಯಬಾರದು. ಕಳಚುವ ಮೊದಲು ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ನಂಬರು, ಮೇಲು ಕೆಳಗಿನ ಬಾಣ, ಕಾರಿನ ಮುಂದು ಯಾವ ಕಡೆ ಎಂಬ ಗುರುತು. ಎರಡು ತುಂಡು ಸೇರುವ ಹೊಲಿಗೆಗೆ ಅಡ್ಡಲಾಗಿ ನಾಲ್ಕು ಬೆರಳಿಗೊಂದರಂತೆ ಗೀಟು ಎಳೆಯಬೇಕು. ಹೊಸ ತುಂಡುಗಳನ್ನು ಜೋಡಿಸುವಾಗ ಈ ಗೀಟಿಗೆ ಆ ಗೀಟು ಕೂತರೆ ಸುಕ್ಕು ಬರುವುದಿಲ್ಲ. ಇಷ್ಟಾದ ಮೇಲೆ ಬ್ಲೇಡು ಹಿಡಿದು ಹೊಲಿಗೆ ಬಿಡಿಸುವುದು. ಹೊದಿಕೆಯ ಒಳಗೆ ತೋಳಿನಂಥ ಕಿರಿದಾದ ಬಟ್ಟೆಯ ಕೊಳವೆಗಳಿರುತ್ತವೆ, ಅವುಗಳೊಳಗೆ ಕಬ್ಬಿಣದ ಸರಳು. ಸೀಟಿನ ಗುಳಿಗಳು ಗುಳಿಯಾಗಿಯೇ ನಿಲ್ಲುವುದು ಆ ಸರಳು ಕೆಳಗೆ ಎಳೆದು ಹಿಡಿಯುವುದರಿಂದ. ಅದನ್ನು ಕಸವೆಂದು ಬಿಸಾಕಿ, ಆಮೇಲೆ ಡೊಳ್ಳು ಹೊಟ್ಟೆಯಂಥ ಸೀಟು ಮಾಡಿಕೊಂಡವರನ್ನು ನಾನು ಬಲ್ಲೆ.

ಇನ್ನೊಂದು ಸೂಕ್ಷ್ಮ ನನಗೆ ತುಂಬ ಹಿಡಿಸಿತು. ಹಳೆ ಹೊದಿಕೆ ವರ್ಷಾನುಗಟ್ಟಲೆ ಕೂತು ಹಿಗ್ಗಿರುತ್ತದೆ. ಅದನ್ನೇ ಅಚ್ಚು ತೆಗೆದರೆ ಹೊಸದೂ ಜೋಲು. ಭಾಯ್ ನಮ್ಮ ಸೀಟಿನ ಹೊದಿಕೆಯನ್ನು ನಡುವಿಗೆ ಮಡಿಸಿದರು. ಅಪ್ಪ ಕೂರುತ್ತಿದ್ದ ಬಲಭಾಗ ಎಡಭಾಗಕ್ಕಿಂತ ಮುಕ್ಕಾಲು ಇಂಚು ದೊಡ್ಡದಾಗಿತ್ತು! ಎಡಭಾಗವನ್ನು ಕಾಗದದ ಮೇಲೆ ಇಳಿಸಿ, ಅದನ್ನೇ ಮಗುಚಿ ಬಲಭಾಗ ಮಾಡಿದೆವು. ಆ ಕಾಗದದ ಅಚ್ಚಿನಲ್ಲಿ ಮೊದಲು ಅಗ್ಗದ ರೆಕ್ಸಿನ್ ಕತ್ತರಿಸಿ, ದೊಡ್ಡ ಟಾಕು ಹಾಕಿ, ಸೀಟಿಗೆ ತೊಡಿಸಿ ನೋಡಿದ್ದಾಯಿತು. ಎರಡು ಕಡೆ ತಪ್ಪಿತ್ತು. ತಪ್ಪಿದ್ದು ರೆಕ್ಸಿನ್‌ನಲ್ಲಿ, ಹೋದದ್ದು ನೂರಿನ್ನೂರು ರೂಪಾಯಿ.

ಸೀಟಿನ ಹೊಟ್ಟೆಯ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ನಾರಿನ ಹಾಸು ಪುಡಿಯಾಗಿದ್ದರೆ ರಬ್ಬರ್ ಹಾಯಿಸಿದ ತೆಂಗಿನ ನಾರಿನ ಹಾಸೇ ಈಗಲೂ ಸಿಗುತ್ತದೆ, ಅದನ್ನೇ ಹಾಕಿ. ಅದರ ಮೇಲಿನ ಫೋಮನ್ನು ಅಂಗಡಿಯಲ್ಲಿ ಡೆನ್ಸಿಟಿ ಹೇಳಿ ಕೇಳಿ. ಹಾಸಿಗೆಗೆ ಹಾಕುವ ಮೆದುವಾದದ್ದನ್ನು ತಂದರೆ ಕೈಗೆ ಹಿತವಾಗಿರುತ್ತದೆ, ಆರು ತಿಂಗಳಿಗೆ ಕೂತು ಹೋಗುತ್ತದೆ. ನಾನು ಹಾಕಿದ್ದು 40. ಅಂಟಿಸುವ ಸಲ್ಯೂಷನ್ನನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಳಸಬೇಡಿ, ತಲೆ ತಿರುಗುತ್ತದೆ. ಬೆಂಕಿಯ ಹತ್ತಿರವಂತೂ ಸುತರಾಂ ಬೇಡ.

ಈಗ ನಿಮ್ಮ ಪ್ರಶ್ನೆಗೆ ಬರೋಣ: ಲೆದರ್. ಅಂಗಡಿಗಳಲ್ಲಿ ಲೆದರ್ ಎನ್ನುವ ಹೆಸರಿನಲ್ಲಿ ಹತ್ತು ಬಗೆ ಮಾರುತ್ತಾರೆ. ಲೆದರೆಟ್ ಎಂದರೆ ರೆಕ್ಸಿನ್‌ನ ಸುಧಾರಿಸಿದ ತಮ್ಮ. ಬಾಂಡೆಡ್ ಲೆದರ್ ಎಂದರೆ ಚರ್ಮದ ಚೂರುಪಾರನ್ನು ಅರೆದು ಅಂಟಿಸಿದ ಹಾಳೆ, ಬಿಸಿಲಿಗೆ ಪೊರೆ ಬಿಡುತ್ತದೆ. ಲೆದರೆಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಅದೇ ಮೇಲು. ಚರ್ಮದ ಬೆಲೆ ಕೊಟ್ಟು ಅದನ್ನು ತರಬೇಡಿ, ಅಷ್ಟೆ. ಕತ್ತರಿಸಿದ ಅಂಚು ನೋಡಿ. ಕೆಳಗೆ ನೇಯ್ದ ಬಟ್ಟೆ ಕಂಡರೆ ಅದು ಚರ್ಮವಲ್ಲ. ಚರ್ಮವಾದರೆ ಹತ್ತಿಯ ಹಾಗೆ ಹೆಣೆದುಕೊಂಡ ನಾರು ಕಾಣುತ್ತದೆ. ಅಥಣಿಯ ಚಪ್ಪಲಿಗೆ ಬಳಸುವ, ಗಿಡದ ತೊಗಟೆಯಲ್ಲಿ ಹದ ಮಾಡಿದ ಗಟ್ಟಿ ತೊಗಲು ಚೆಂದ ಹೌದು, ಸೀಟಿಗಲ್ಲ, ಅದು ಬಾಗುವುದಿಲ್ಲ. ಸೀಟಿಗೆ ಬೇಕಾದದ್ದು ಕ್ರೋಮಿನಲ್ಲಿ ಹದ ಮಾಡಿದ, ಒಂದರಿಂದ ಒಂದೂಕಾಲು ಮಿಲಿಮೀಟರ್ ದಪ್ಪದ ಮೆತ್ತನೆಯ ಅಪ್‌ಹೋಲ್‌ಸ್ಟರಿ ಲೆದರ್. ನಮಗೆ ಹತ್ತಿರದ ಚರ್ಮದ ಊರುಗಳೆಂದರೆ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತ ಸೀಟಿನ ಸಾಮಾನೆಲ್ಲ ಸಿಗುತ್ತದೆ. ತೊಗಲನ್ನು ಇಡಿಯಾಗಿ ಮಾರುತ್ತಾರೆ, ಎಷ್ಟು ಚದರ ಅಡಿ ಎಂದು ಹಿಂಬದಿಯಲ್ಲಿ ಬರೆದಿರುತ್ತದೆ. ಮೈಗೆ ತಾಗುವ ಕಡೆಗೆ ಮಾತ್ರ ಚರ್ಮ, ಸೀಟಿನ ಬೆನ್ನಿಗೂ ಬದಿಗೂ ಅದೇ ಬಣ್ಣದ ರೆಕ್ಸಿನ್ ಎಂದಿಟ್ಟುಕೊಂಡರೂ ನನ್ನ ಅಂಬಾಸಿಡರಿನ ಎರಡು ಸೀಟಿಗೆ ಮೂರು ತೊಗಲು, 82 ಚದರ ಅಡಿ ಲೆಕ್ಕಕ್ಕೆ ಬಂತು. ಹಾಳು ಮಾಡಿದ ಮೊದಲನೆಯದನ್ನು ಬಿಟ್ಟು.

ತೊಗಲನ್ನು ಜಗಲಿಯ ಮೇಲೆ ಹರಡಿದ ದಿನ ಅಮ್ಮ ಒಳಗಿನಿಂದ ಬಂದು ನಿಂತರು. "ಇದನ್ನ ಮನೆಯೊಳಕ್ಕೆ ತರ್ತೀಯೇನೋ?" ನಮ್ಮ ದೇವರಮನೆಯ ಪಕ್ಕದಲ್ಲೇ ನನ್ನ ಮಗನ ಮೃದಂಗ ಇರುವುದನ್ನು ತೋರಿಸಿದೆ. ಅದರ ಎರಡು ಮುಖಕ್ಕೂ ತೊಗಲೇ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬೇರೆ" ಎಂದು ಒಳಗೆ ಹೋದರು. ಬೇರೆ ಹೇಗೆ ಎಂದು ನಾನು ಕೇಳಲಿಲ್ಲ. ತೊಗಲು ಹದ ಮಾಡಿದ ಕೈಯನ್ನು ಹೊಸಿಲಾಚೆ ನಿಲ್ಲಿಸಿ, ಆ ಕೈ ಮಾಡಿದ್ದನ್ನು ಮಾತ್ರ ಒಳಗೆ ತಂದುಕೊಂಡ ಮನೆಗಳು ನಮ್ಮವು. ವಚನಕಾರ ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದಲ್ಲೇ ಚಮ್ಮಾರಿಕೆಯ ಉಪಕರಣಗಳ ಹೆಸರಿಟ್ಟುಕೊಂಡವನು. ಅದನ್ನು ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೆ. ಉಳಿ ಕೈಗೆ ಬಂದದ್ದು ನಿವೃತ್ತಿಯಾದ ಮೇಲೆ.

ಹರಡಿದ ತೊಗಲನ್ನು ಕತ್ತರಿಸುವ ಮೊದಲು ಒಂದು ದಿನ ಸುಮ್ಮನೆ ನೋಡಿ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ, ಎಳೆದರೆ ಹಿಗ್ಗುತ್ತದೆ. ಕೂರುವ ಜಾಗಕ್ಕೆ ಬೆನ್ನೇ ಆಗಬೇಕು. ಹೊಟ್ಟೆಯದನ್ನು ಕೆಳಗಿನ ಅಂಚುಪಟ್ಟಿಗೆ ಹಾಕಿ. ಮುಳ್ಳು ಗೀರಿದ ಗೆರೆ, ಉಣುಗು ಕಚ್ಚಿದ ಚುಕ್ಕಿ, ಬರೆಯ ಕಲೆ, ಕೆಲವೊಮ್ಮೆ ಕುತ್ತಿಗೆಯಲ್ಲಿ ನೊಗದ ಗುರುತು, ಎಲ್ಲ ಇರುತ್ತದೆ. ನನ್ನ ತೊಗಲೊಂದರಲ್ಲಿ ಬೆರಳುದ್ದದ ಮಾಗಿದ ಗಾಯವಿತ್ತು. ಅದನ್ನು ತಪ್ಪಿಸಿ ಕತ್ತರಿಸಬಹುದಿತ್ತು, ತಪ್ಪಿಸಲಿಲ್ಲ. ಈಗದು ನನ್ನ ಎಡ ತೊಡೆಯ ಪಕ್ಕದಲ್ಲಿದೆ.

ಹೊಲಿಗೆಯ ಬಗ್ಗೆ ನನ್ನ ಮಾತು ನಿಮಗೆ ರುಚಿಸಲಿಕ್ಕಿಲ್ಲ. ಬಿಚ್ಚುವುದು, ಅಚ್ಚು ತೆಗೆಯುವುದು, ಕತ್ತರಿಸುವುದು, ಫೋಮು ಕೂರಿಸುವುದು, ಕೊನೆಗೆ ತೊಡಿಸುವುದು, ಇವೆಲ್ಲ ಮನೆಯಲ್ಲಿ ಆಗುತ್ತವೆ. ಹೊಲಿಗೆಯನ್ನು ಮಾತ್ರ ಕುಷನ್ ಅಂಗಡಿಗೆ ಕೊಡಿ. ಅಲ್ಲಿನ ಯಂತ್ರದಲ್ಲಿ ಕೆಳಗಿನ ಹಲ್ಲಿನ ಜೊತೆ ಮೇಲಿನ ಕಾಲೂ ನಡೆದು ತೊಗಲನ್ನು ಮುಂದಕ್ಕೆ ಒಯ್ಯುತ್ತದೆ. ಮನೆಯ ಯಂತ್ರದಲ್ಲಿ ಮೇಲಿನ ಪದರ ಹಿಂದುಳಿಯುತ್ತದೆ. ಹತ್ತಿ ದಾರ ಬೇಡ, ಬೆವರಿಗೂ ಬಿಸಿಲಿಗೂ ಕೊಳೆಯುತ್ತದೆ; ದಪ್ಪ ಪಾಲಿಯೆಸ್ಟರ್ ದಾರ ಕೇಳಿ. ಹೊಲಿಗೆ ನಾಲ್ಕೈದು ಮಿಲಿಮೀಟರಿಗೊಂದು ಸಾಕು. ಮತ್ತು ದಯವಿಟ್ಟು ಮಜೂರಿಯಲ್ಲಿ ಚೌಕಾಸಿ ಮಾಡಬೇಡಿ. ಸಾವಿರಾರು ರೂಪಾಯಿಯ ತೊಗಲಿಗೆ ಹೇಳಿದಷ್ಟು ಕೊಟ್ಟು ಬಂದು, ಅದಕ್ಕೆ ಒಂದೇ ಸಲಕ್ಕೆ ತೂತು ಹಾಕಬಲ್ಲ ಕೈಯೆದುರು ನೂರು ರೂಪಾಯಿಗೆ ಹಗ್ಗ ಜಗ್ಗುವವರನ್ನು ಆ ಅಂಗಡಿಯಲ್ಲಿ ಕೂತು ಬಹಳ ನೋಡಿದೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ.

ಹೊಲಿದು ಬಂದ ಹೊದಿಕೆ ಸೀಟಿಗಿಂತ ಚಿಕ್ಕದಾಗಿ ಕಾಣುತ್ತದೆ. ಗಾಬರಿ ಬೇಡ, ಹಾಗೇ ಇರಬೇಕು. ಕಾಲು ಗಂಟೆ ಬಿಸಿಲಿಗೆ ಹಾಕಿದರೆ ತೊಗಲು ಮೆತ್ತಗಾಗುತ್ತದೆ. ಮೊದಲು ನಡುವಿನ ಸರಳುಗಳನ್ನು ಕಟ್ಟಿ, ಆಮೇಲೆ ಮೂಲೆ, ಕೊನೆಗೆ ಅಂಚು. ಉಂಗುರ ಸಿಗದಿದ್ದರೆ ಗಟ್ಟಿ ಪ್ಲಾಸ್ಟಿಕ್ ಟೈ ನಡೆಯುತ್ತದೆ. ಇಬ್ಬರು ಬೇಕು. ನನ್ನ ಮಗ ಮೊಣಕಾಲೂರಿ ಒತ್ತಿ ಹಿಡಿದ, ನಾನು ಎಳೆದು ಕಟ್ಟಿದೆ. ಮಾರನೇ ದಿನ ಇಬ್ಬರಿಗೂ ಬೆರಳು ಮಡಿಸಲಾಗಲಿಲ್ಲ.

ಇಲ್ಲಿಯವರೆಗೆ ಸ್ನೇಹದಿಂದ ಹೇಳಿದೆ. ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಿಮ್ಮ ಸೀಟಿನ ಹೊರಬದಿಯಲ್ಲಿ 'ಎಸ್‌ಆರ್‌ಎಸ್ ಏರ್‌ಬ್ಯಾಗ್' ಎಂಬ ಪಟ್ಟಿ ಇದ್ದರೆ ಆ ಸೀಟನ್ನು ಮನೆಯಲ್ಲಿ ಮುಟ್ಟಬೇಡಿ. ಅಂಥ ಸೀಟಿನ ಒರಗಿನೊಳಗೆ ಗಾಳಿಚೀಲ ಮಡಿಸಿಟ್ಟಿರುತ್ತದೆ. ಬದಿಯಿಂದ ಡಿಕ್ಕಿಯಾದಾಗ ಅದು ರೆಪ್ಪೆ ಬಡಿಯುವುದರೊಳಗೆ ಹೊಲಿಗೆ ಸೀಳಿಕೊಂಡು ಹೊರಬರಬೇಕು. ಅದಕ್ಕೆಂದೇ ಆ ಒಂದು ಹೊಲಿಗೆಯನ್ನು ಬೇಕೆಂತಲೇ ದುರ್ಬಲವಾಗಿ ಹಾಕಿರುತ್ತಾರೆ. ನೀವು ಹೆಮ್ಮೆಯಿಂದ ಹಾಕಿಸಿದ ಗಟ್ಟಿ ಹೊಲಿಗೆ ಅದನ್ನು ಒಳಗೇ ತಡೆದು ನಿಲ್ಲಿಸಿದರೆ, ಚೀಲ ಇದ್ದೂ ಇಲ್ಲದ ಹಾಗೆ. ಅಂಗಡಿಯಲ್ಲಿ ಮೇಲಿಂದ ತೊಡಿಸುವ ಕವರಿಗೂ ಇದೇ ಮಾತು. ಸೀಟಿನಡಿ ಹಳದಿ ಬಣ್ಣದ ವೈರು, ಕನೆಕ್ಟರು ಕಂಡರೆ ಅಲ್ಲಿಗೇ ಕೈ ಬಿಡಿ, ಕಂಪನಿಯ ಸರ್ವೀಸ್ ಸೆಂಟರಿಗೆ ಹೋಗಿ. ಅಂಬಾಸಿಡರು, ಪದ್ಮಿನಿ, ಹಳೆಯ ಮಾರುತಿ 800 ಇಟ್ಟುಕೊಂಡವರಿಗೆ ಈ ಭಯವಿಲ್ಲ. ಆದರೆ ಸೀಟು ಮತ್ತೆ ಕೂರಿಸಿದಾಗ ಬೋಲ್ಟುಗಳನ್ನು ಎರಡೆರಡು ಸಲ ಬಿಗಿದು, ಸೀಟನ್ನು ಅಲ್ಲಾಡಿಸಿ ನೋಡಿಯೇ ರಸ್ತೆಗಿಳಿಯಿರಿ.

ಕರಾವಳಿಯ ಗೆಳೆಯರಲ್ಲಿ ಬೇರೆಯೇ ಒಂದು ಕೋರಿಕೆ: ಚರ್ಮದ ಆಸೆ ಬಿಡಿ. ನಿಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ವಾರ ಕಾರು ತೆಗೆಯದಿದ್ದರೆ ಸೀಟಿನ ಮೇಲೂ ಅದೇ ಬೂಷ್ಟು. ಕಲಬುರಗಿ, ರಾಯಚೂರಿನವರು ಕಪ್ಪು ತೊಗಲು ಆರಿಸಬೇಡಿ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಕೂತು ನೋಡಿದವರು ನನ್ನ ಮಾತು ಒಪ್ಪುತ್ತಾರೆ. ನನ್ನದು ತಿಳಿಕಂದು.

ಹಿಂದಿನ ಸೀಟು ಇನ್ನೂ ಬಾಕಿಯಿದೆ. ಅದರ ತೊಗಲು ಕತ್ತರಿಸಿಟ್ಟಿದ್ದೇನೆ, ಭಾಯ್‌ಗೆ ಕಣ್ಣಿನ ಪೊರೆಯ ಆಪರೇಷನ್ ಆಗಿರುವುದರಿಂದ ಅವರಿಗಾಗಿ ಕಾಯುತ್ತಿದ್ದೇನೆ. ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರು ಈಗ ಯಾರೂ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಬಿಚ್ಚುವುದು ಹೇಗೆಂದು ಕಣ್ಣಾರೆ ನೋಡಬೇಕೆನ್ನಿಸಿದರೆ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ನಿಲ್ಲದೆ ಒಳಗೇ ಬನ್ನಿ. ತೊಗಲು ತರಬೇಡಿ, ನಿಮ್ಮ ಹಳೆ ಸೀಟು ತನ್ನಿ.

ಇತಿ,
ನಿಮ್ಮ ವಿಶ್ವಾಸಿ,
1988ರ ಅಂಬಾಸಿಡರಿನ ಒಡೆಯ,
ಮೈಸೂರು